ಯಾಕೋಬನ ಮೂಗು, ಹಂಸಭಾವಿಯ ಚಪ್ಪಲಿ

ಹಯಾತ: ಮೊದಲ ಅದನ್ನ ತಗಿ!

ಕರಿಬಸಪ್ಪ: ತಗ್ಯಾಂಗಿಲ್ಲ!

ಹಯಾತ: ತಗೀತಿಯೋ, ಕತ್ತರಿ ಹಿಡಕೊಂಡು ಬರಲ್ಯೋ?

ಕರಿಬಸಪ್ಪ: ಕತ್ತರಿ ಹಚ್ಚಿ ನೋಡು! ಹುಬ್ಬಳ್ಳಿಯಿಂದ ತರಿಸೇನಿ. ಅಪ್ಪಟ ರಬ್ಬರು, ಒಳಗ ಸ್ಪಂಜು.

ಬಂಕಾಪುರದ ಬಸ್ ನಿಲ್ದಾಣದ ಹಿಂದೆ ಹಯಾತನ ಟೇಲರ್ ಅಂಗಡಿ. ಮಧ್ಯಾಹ್ನ ಮೂರು ಗಂಟೆ. ಹೊಲಿಗೆ ಮಷಿನ್ನಿನ ಎದುರು ಸ್ಟೂಲಿನ ಮೇಲೆ ಕರಿಬಸಪ್ಪ ಕುಳಿತಿದ್ದಾನೆ. ಅವನ ಮುಖದ ನಡುವೆ ಗೇಣಿಗೆ ನಾಲ್ಕು ಬೆರಳು ಕಡಿಮೆ ಉದ್ದದ, ತುದಿಗೆ ಗಿಣಿಯ ಕೊಕ್ಕಿನಂತೆ ಬಾಗಿದ, ಬದನೆಕಾಯಿ ಬಣ್ಣದ ಒಂದು ಮೂಗು. ಎರಡು ಕಿವಿಗೂ ಇಲಾಸ್ಟಿಕ್. ಅದನ್ನು ಹಾಕಿಕೊಂಡೇ ಪೇಟೆಯಲ್ಲಿ ನಡೆದು ಬಂದಿದ್ದ ಮಹಾರಾಯ. ದಾರಿಯಲ್ಲಿ ಎರಡು ನಾಯಿ ಬೊಗಳಿದ್ದವು. ಅದನ್ನು ಅವನು ಮೆಚ್ಚುಗೆ ಎಂದೇ ತಿಳಿದಿದ್ದ.

ಕರಿಬಸಪ್ಪನ ಬಗ್ಗೆ ಎರಡು ಮಾತು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನಾವು ಹೇಳದಿದ್ದರೆ ಅವನೇ ಬಂದು ಹೇಳುತ್ತಾನೆ, ಆಗ ಎರಡಕ್ಕೆ ಮುಗಿಯುವುದಿಲ್ಲ. ವಯಸ್ಸು ಅರವತ್ತೆರಡು. ಮೂವತ್ತೈದು ವರ್ಷದಿಂದ ಹವ್ಯಾಸಿ ನಾಟ್ಯ ಸಂಘದ ಖಳನಾಯಕ. ಹಾನಗಲ್ಲಿನಲ್ಲಿ ಮಂದಿ ಅವನಿಗೆ ಶಾಪ ಹಾಕಿದ್ದಾರೆ, ಸವಣೂರಿನಲ್ಲಿ ಕೊಳೆತ ಟೊಮ್ಯಾಟೊ ಎಸೆದಿದ್ದಾರೆ, ಹಿರೇಕೆರೂರು ಸೀಮೆಯ ಹಂಸಭಾವಿಯಲ್ಲಂತೂ ಸಾಕ್ಷಾತ್ ಚಪ್ಪಲಿಯೇ ಬಂದು ಎದೆಗೆ ಬಡಿದಿದೆ. ನಮ್ಮ ಕಡೆ ಖಳನಿಗೆ ಇದಕ್ಕಿಂತ ದೊಡ್ಡ ಬಿರುದು ಇಲ್ಲ. ನಾಯಕನಿಗೆ ಹಾರ, ಖಳನಿಗೆ ಚಪ್ಪಲಿ. ಆದರೆ ಹುಟ್ಟಿದ ಊರು ಬಂಕಾಪುರದಲ್ಲಿ ಮಾತ್ರ ಇವತ್ತಿನವರೆಗೆ ಒಬ್ಬನೂ ಒಂದು ಹವಾಯಿ ಚಪ್ಪಲಿಯನ್ನೂ ಎಸೆದಿಲ್ಲ. ಮೊಣಕಾಲು ನೋಯುತ್ತಿದೆ, ಇದೇ ಕಡೆಯ ನಾಟಕ. ಊರ ಚಪ್ಪಲಿ ಒಂದು ಬಿದ್ದರೆ ಜನ್ಮ ಸಾರ್ಥಕ ಎಂಬುದು ಅವನ ಆಸೆ.

ಹಯಾತ ಅವನ ಶಾಲೆಯ ಗೆಳೆಯ. ಹೊಲಿಗೆ ಹೊಟ್ಟೆಗೆ, ಹಾರ್ಮೋನಿಯಂ ಜೀವಕ್ಕೆ. ನಮ್ಮಲ್ಲಿ ಹಾರ್ಮೋನಿಯಂ ಎಂದರೆ ಪೇಟಿ, ಪೇಟಿ ಬಾರಿಸಿ ನಾಟಕ ಕಲಿಸುವವನು ಪೇಟಿ ಮಾಸ್ತರ. ಈ ಸಲ ಹಯಾತ ಮಾಸ್ತರ ಹಿಡಿದಿದ್ದು ಒಂದು ಹಳೆಯ ಪರದೇಶದ ನಾಟಕ. ಅಬಲೂರಿನ ಶಿದ್ಲಿಂಗಪ್ಪ ಮಾಸ್ತರು ಬದುಕಿದ್ದಾಗ ಕನ್ನಡಕ್ಕೆ ತಂದದ್ದು. ಯಾಕೋಬ ಎಂಬ ಯಹೂದಿ ಮುದುಕ, ಕನ್ನಡಕದ ಗಾಜು ತಿಕ್ಕಿ ಬದುಕುವವನು. ಊರ ಬಾವಿಯ ನೀರು ಕೆಡುತ್ತದೆ. ಊರಲ್ಲಿ ಯಹೂದಿ ಅವನೊಬ್ಬನೇ, ಹಾಗಾಗಿ ವಿಷ ಹಾಕಿದವನು ಅವನೇ ಎಂದು ಪಂಚರು ತೀರ್ಮಾನ ಮಾಡುತ್ತಾರೆ. ಇಷ್ಟೇ ಕತೆ.

ಕರಿಬಸಪ್ಪ: ಪುಸ್ತಕದಾಗ ಬರದೈತೋ ಇಲ್ಲೋ? ಹನ್ನೆರಡನೇ ಪುಟ ಓದು. 'ಯಹೂದಿ ಯಾಕೋಬ ಬರುತ್ತಾನೆ. ಡೊಂಕು ಬೆನ್ನು, ಗಿಡುಗನ ಮೂಗು, ಕಳ್ಳ ಕಣ್ಣು.' ಬೆನ್ನು ಮೊದಲ ಡೊಂಕ ಐತಿ, ಕಣ್ಣು ಹ್ಯಾಂಗರ ಮಾಡ್ತೇನಿ. ಮೂಗೊಂದು ಇರಲಿಲ್ಲ, ತಂದೇನಿ.

ಹಯಾತ: ಅದರ ಬಾಜೂಕ ಶಿದ್ಲಿಂಗಪ್ಪ ಮಾಸ್ತರು ಪೆನ್ಸಿಲ್‌ಲೆ ಏನ ಬರದಾರ, ಅದನ್ನೂ ಓದು.

ಕರಿಬಸಪ್ಪ: 'ಬ್ಯಾಡ' ಅಂತ ಬರದಾರ. ಏನು ಬ್ಯಾಡ ಅಂತ ಬರದಿಲ್ಲ. ಯಾರೋ ಚಾ ತಂದಿರಬೇಕು.

ಹಯಾತ: ತೋಬಾ ತೋಬಾ! ಲೇ, ನೀ ಜನ್ಮದಾಗ ಒಬ್ಬ ಯಹೂದಿನ್ನ ನೋಡಿಯೇನ?

ಕರಿಬಸಪ್ಪ: ನೋಡಿಲ್ಲ.

ಹಯಾತ: ಮತ್ತ ಅವರ ಮೂಗು ಹಿಂಗ ಇರತೈತಿ ಅಂತ ನಿನಗ ಯಾರ ಹೇಳಿದ್ರು?

ಕರಿಬಸಪ್ಪ: ನಾ ರಾಕ್ಷಸನ್ನೂ ನೋಡಿಲ್ಲ, ಹದಿನೇಳು ಸಲ ಮಾಡೇನಿ. ಯಾವ ರಾಕ್ಷಸನರ ಬಂದು ತಕರಾರು ಮಾಡ್ಯಾನೇನು?

ಹಯಾತ: ಇವ ರಾಕ್ಷಸ ಅಲ್ಲಲೇ! ಇವ ಒಬ್ಬ ಬಡ ಮುದುಕ. ಏನೂ ಮಾಡಿಲ್ಲ.

ಕರಿಬಸಪ್ಪ: ಏನೂ ಮಾಡದವನ ಪಾರ್ಟು ನನಗ ಯಾಕ ಕೊಟ್ಟಿ? ಮೃತ್ಯುಂಜಯಗ ಕೊಡಬೇಕಿತ್ತು. ಅಂವ ಯಾವ ನಾಟಕದಾಗೂ ಏನೂ ಮಾಡಾಂಗಿಲ್ಲ, ನಿಂತು ಹಾರ ಹಾಕಿಸಿಕೊಂತಾನ.

ಮೃತ್ಯುಂಜಯ ಎಂದರೆ ಗೊಬ್ಬರದ ಅಂಗಡಿಯ ಮೃತ್ಯುಂಜಯ, ಸಂಘದ ಅಧ್ಯಕ್ಷ, ಖಾಯಂ ನಾಯಕ. ಈ ಸಲ ಅವನದು ಹಿರೇಪಂಚನ ಪಾರ್ಟು. ತಲೆಗೆ ಬಿಳಿ ಪಟಗ, ಕೈಯಲ್ಲಿ ಬೆಳ್ಳಿಯ ಕೋಲು, ಉದ್ದುದ್ದ ನೀತಿಯ ಮಾತು. ನಾಟಕದ ನಾಯಕ ತಾನೇ ಎಂದು ಅವನು ನಂಬಿದ್ದ. ಅಲ್ಲ ಎಂದು ಅವನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಏಕೆಂದರೆ ಶಾಮಿಯಾನ ಅವನದು.

ಹಯಾತ: ಕೇಳಿಲ್ಲೆ. ಆ ಕಡೆ ಮಂದಿ ಭಾಳ ವರ್ಷ ಈ ನಾಟಕ ನೋಡಿ ನಕ್ಕರು. ಮೂಗು ನೋಡಿ ನಕ್ಕರು, ಬೆನ್ನು ನೋಡಿ ನಕ್ಕರು. ನಕ್ಕೋಂತ ನಕ್ಕೋಂತ ಒಂದು ದಿನ ಯಹೂದಿ ಮಂದೀನ್ನ ಮನಿ ಮನಿ ಹುಡುಕಿ, ರೈಲಿನಾಗ ತುಂಬಿ ಒಯ್ದು ಕೊಂದ್ರು. ಲಕ್ಷಗಟ್ಟಲೆ. ಹೆಂಗಸರು, ಕೂಸುಗಳು, ಎಲ್ಲಾ. ಅಲ್ಲಿಂದ ಈಚೆ ಈ ನಾಟಕ ಆಡೂದ ಬ್ಯಾಡ ಅಂತ ಅರ್ಧ ಮಂದಿ, ಆಡ್ರಿ, ನೋಡಿದವರಿಗೆ ನಾಚಿಕಿ ಬರೂವಂಗ ಆಡ್ರಿ ಅಂತ ಅರ್ಧ ಮಂದಿ. ಆ ಜಗಳ ಇನ್ನೂ ಹರದಿಲ್ಲ.

ಕರಿಬಸಪ್ಪ ಮೂಗಿನ ತುದಿ ಮುಟ್ಟಿ ನೋಡಿಕೊಂಡ. ಮೂಗಿನೊಳಗೆ ಬೆವರು ಇಳಿಯುತ್ತಿತ್ತು.

ಕರಿಬಸಪ್ಪ: ಆ ಮಂದಿ ಮೂಗು ಖರೇನ ಹಿಂಗ ಇದ್ದವೇನು?

ಹಯಾತ: ನಿನ್ನ ಮೂಗಿನಂಥಾವು, ನನ್ನ ಮೂಗಿನಂಥಾವು ಇದ್ದವು.

ಕರಿಬಸಪ್ಪ: ನಿಂದೇನು ಸಣ್ಣದಲ್ಲ ಬಿಡು.

ಹಯಾತ: ಹೌದು, ಅದಕ್ಕ ಹೇಳಾಕತ್ತೇನಿ. ಇವತ್ತು ಅವನ ಮೂಗು, ನಾಳಿ ನಂದು.

ಕರಿಬಸಪ್ಪ: ನಿನ್ನ ಮೂಗಿಗೆ ಯಾರ ಬರ್ತಾರೋ ಮಾರಾಯ! ಬಂಕಾಪುರದಾಗ ಯಾವನಿಗೆ ಅಷ್ಟು ಧೈರ್ಯ ಐತಿ, ನಾ ಇರೂತನ? ನೀ ಸುಮ್ಕ ಗುಡ್ಡ ಕಡಿಯಾಕ ಹೋಗಬ್ಯಾಡ. ಮೂಗು ಇದ್ರ ಮಂದಿ ನಗತಾರ, ನಕ್ಕರ ಸಿಟ್ಟಿಗೇಳ್ತಾರ, ಸಿಟ್ಟಿಗೆದ್ರ ಒಗೀತಾರ. ನನಗ ಒಂದ ಒಂದು ಚಪ್ಪಲಿ ಸಾಕು ಹಯಾತ. ಕಡೀ ನಾಟಕ ಐತಿ.

ಹಯಾತ: ಬರದು ಇಟ್ಕೋ. ಈ ನಾಟಕದಾಗ ಆ ಮುದುಕನ ಮ್ಯಾಲ ಚಪ್ಪಲಿ ಬಿತ್ತಂದ್ರ ಅಲ್ಲೇ ಪೇಟಿ ಮುಚ್ಚತೇನಿ. ಜೀವಮಾನದಾಗ ಮತ್ತ ತಗ್ಯಾಂಗಿಲ್ಲ.

ಕರಿಬಸಪ್ಪ: ಮುಚ್ಚು ಹೋಗು! ನಿನ್ನ ಪೇಟಿಗೆ ಮೂರು ಸ್ವರ ಮೊದಲ ಹೊಂಡಾಂಗಿಲ್ಲ!

ಮೂಗು ಮುಂದೆ, ತಾನು ಹಿಂದೆ ಎಂಬಂತೆ ಕರಿಬಸಪ್ಪ ಹೊರಟುಹೋದ. ನಾಯಿಗಳು ಮತ್ತೆ ಬೊಗಳಿದವು.

ಮನೆಯಲ್ಲಿ ಹೊನ್ನವ್ವ ಹಿಂಡಿಪಲ್ಲೆಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಗಂಡನ ಮುಖ ನೋಡಿ ಈಳಿಗೆ ನಿಲ್ಲಿಸಿದಳು.

ಹೊನ್ನವ್ವ: ಯವ್ವಾ! ಏನ್ರಿ ಅದು? ಕಡಜ ಕಡೀತೇನು?

ಕರಿಬಸಪ್ಪ: ಪಾರ್ಟಿನ ಮೂಗು. ಹ್ಯಾಂಗ ಕಾಣ್ತೈತಿ?

ಹೊನ್ನವ್ವ: ಅದರ ಒಳಗಿನ ಮೂಗ ಚಲೋ ಇತ್ತು.

ಕರಿಬಸಪ್ಪ: ನಿನಗ ಏನು ತಿಳೀತೈತಿ ಕಲೆ. ಅಲ್ಲಿ ನೋಡು!

ಅಲ್ಲಿ ಎಂದರೆ ಪಡಸಾಲೆಯ ಗೋಡೆಯ ಮೇಲೆ. ಬೇರೆಯವರ ಮನೆಯಲ್ಲಿ ಹಿರಿಯರ ಫೋಟೊ ಇರುವ ಜಾಗದಲ್ಲಿ, ಮೊಳೆಗೆ ಸಿಕ್ಕಿಸಿದ ಒಂದು ಚಕ್ಕಳದ ಚಪ್ಪಲಿ. ಎಡಗಾಲಿನದು. ಆಯುಧ ಪೂಜೆಯ ದಿನ ಅದಕ್ಕೂ ಒಂದು ಚೆಂಡುಹೂವು ಏರುತ್ತಿತ್ತು.

ಕರಿಬಸಪ್ಪ: ಮೂವತ್ತೈದು ವರ್ಷದ ಹಿಂದ ಹಂಸಭಾವಿಯೊಳಗ ವಿಧವಿ ಮುದುಕೀನ್ನ ಮನಿ ಬಿಡಿಸೋ ಸೀನು. ಎಂಟನೇ ಸಾಲಿನಾಗ ಒಬ್ಬ ಗೌಡ ಇದ್ದ, ಆರೂವರೆ ಫೂಟು ಆಳು. ಎದ್ದು ನಿಂತು ಬೀಸಿ ಒಗದಾ ನೋಡು, ಎದೀ ಮ್ಯಾಲ ನಾಲ್ಕು ದಿನ ಗುರುತು ಇತ್ತು!

ಹೊನ್ನವ್ವ: ಆರೂವರೆ ಫೂಟಿನ ಗೌಡಗ ಇಷ್ಟ ಸಣ್ಣ ಪಾದ?

ಕರಿಬಸಪ್ಪ: ಚಕ್ಕಳ ಒಣಗಿ ಕುಗ್ಗೇತಿ.

ಹೊನ್ನವ್ವ: ಹೂವಿನ ಕಸೂತಿ ಐತಿ ಅದರ ಮ್ಯಾಲ.

ಕರಿಬಸಪ್ಪ: ಶ್ರೀಮಂತ ಗೌಡ! ಏ, ಅದನ್ನ ಬಿಡು. ಬಾ, ಮಂದಿ ಮಾತು ನೀ ಓದು, ನಾ ಯಾಕೋಬ. ಹಯಾತ ತಾಲೀಮು ಮಾಡಸಾಂಗಿಲ್ಲ ಅಂದ್ರ ನಾ ಮನ್ಯಾಗ ಮಾಡ್ತೇನಿ.

ಹೊನ್ನವ್ವ ಸೆರಗಿಗೆ ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಪುಸ್ತಕ ಹಿಡಿದಳು. ಯಾವ ನಾಟಕದ ಪಾರ್ಟು ಕಲಿಯುವಾಗಲೂ ಅವಳು ಹೀಗೇ ಎದುರು ಕೂರುವವಳು.

ಹೊನ್ನವ್ವ (ಓದುತ್ತ): 'ಇವನ ಕೈಯ ನೀರು ಕುಡಿಯಬೇಡಿ. ಇದರಲ್ಲಿ ಮದ್ದು ಹಾಕಿದ್ದಾನೆ. ನಿಮ್ಮವರೆಲ್ಲರಿಗೂ ತಿಳಿಸಿ.'

ಕರಿಬಸಪ್ಪ: ಅಯ್ಯಾ ಮಹಾಜನರೇ, ನಾ ಏನ ಮಾಡೇನಿ...

ಹೊನ್ನವ್ವ: ತಡೀರಿ.

ಕರಿಬಸಪ್ಪ: ಪುಸ್ತಕದಾಗ 'ತಡೀರಿ' ಇಲ್ಲ.

ಹೊನ್ನವ್ವ: ಇದನ್ನ ನಾ ಮೊದಲ ಓದೇನಿ.

ಕರಿಬಸಪ್ಪ: ಹ್ಯಾಂಗ ಓದ್ತಿ? ಶಿದ್ಲಿಂಗಪ್ಪ ಮಾಸ್ತರ ಮನ್ಯಾಗ ಕಪಾಟಿನಾಗ ಇತ್ತು.

ಹೊನ್ನವ್ವ: ಪುಸ್ತಕದಾಗ ಅಲ್ಲ. ನಿಮ್ಮ ಫೋನಿನಾಗ.

ಕರಿಬಸಪ್ಪನ ಫೋನಿನ ಮಹಿಮೆ ಊರಿಗೆಲ್ಲ ಗೊತ್ತು. ಯಾರು ಏನು ಕಳಿಸಲಿ, ಅದು ಅವನ ಫೋನಿನಲ್ಲಿ ಅರೆಗಳಿಗೆಯೂ ನಿಲ್ಲುವುದಿಲ್ಲ. ಬಂದದ್ದನ್ನೆಲ್ಲ ಹೆಬ್ಬೆರಳಿನಿಂದ ಒತ್ತಿ ನಾಟ್ಯ ಸಂಘದ ಗ್ರೂಪಿಗೆ ದಾಟಿಸುವುದು, ಕೊನೆಗೆ ಒಂದು ಗುಲಾಬಿ ಹೂವಿನ 'ಶುಭೋದಯ' ಇಡುವುದು ಅವನ ಬೆಳಗಿನ ಕಾಯಕ. ಹೊನ್ನವ್ವ ಫೋನು ತೆಗೆದುಕೊಂಡು ಮೇಲೆ ಮೇಲೆ ತಳ್ಳುತ್ತ ಹೋದಳು. ಗುಲಾಬಿ, ಗುಲಾಬಿ, ಮೂಲವ್ಯಾಧಿಯ ಔಷಧಿ, ಗುಲಾಬಿ. ಎರಡು ವರ್ಷದ ಹಿಂದಿನ ಬೇಸಿಗೆಗೆ ಹೋಗಿ ನಿಂತಳು.

ಹೊನ್ನವ್ವ: ಹ್ಞೂಂ. ಕೇಳ್ರಿ. 'ಸಾಬರ ಗಾಡಿಯ ಸರಬತ್ತು ಕುಡಿಯಬೇಡಿ. ಅದರಲ್ಲಿ ಮದ್ದು ಹಾಕುತ್ತಾರೆ. ನಿಮ್ಮವರೆಲ್ಲರಿಗೂ ತಿಳಿಸಿ, ಹತ್ತು ಮಂದಿಗೆ ಕಳಿಸಿ.' ಕಳಿಸಿದವರು, ಕರಿಬಸಪ್ಪ. ಕೆಳಗ ಗುಲಾಬಿ ಹೂವು.

ಕರಿಬಸಪ್ಪ: ನಾ? ನಾ ಇಂಥಾದ್ದು ಕಳಿಸೇನಿ? ಸಾಧ್ಯ ಇಲ್ಲ!

ಹೊನ್ನವ್ವ: ನಿಮ್ಮ ಹೆಸರ ಐತಿ. ನಿಮ್ಮ ಮಾರೀ ಫೋಟೊ ಐತಿ. ಮೂಗು ಸಣ್ಣದಿತ್ತು ಆವಾಗ.

ಕರಿಬಸಪ್ಪ: ನಾ ಓದೇ ಇಲ್ಲ ಹೊನ್ನಿ! ಓದಿದ್ರ ಕಳಸ್ತಿದ್ದೆನೇನ? ಓದದ ಕಳಸೇನಿ!

ಹೊನ್ನವ್ವ: ಓದದ ಕಳಿಸಿದ್ದನ್ನ ನಲವತ್ತೆರಡು ಮಂದಿ ಓದ್ಯಾರ. ಅದರಾಗ ನಾನೂ ಒಬ್ಬಾಕಿ.

ಕರಿಬಸಪ್ಪ: ನೀ ಏನ ಮಾಡಿದಿ?

ಹೊನ್ನವ್ವ ಕನ್ನಡಕ ತೆಗೆದಳು. ಉಳ್ಳಾಗಡ್ಡಿಯ ಖಾರವೂ ಇತ್ತು, ಕಣ್ಣು ಒರೆಸಿಕೊಂಡಳು.

ಹೊನ್ನವ್ವ: ಖರೇ ಹೇಳ್ಲಿ? ನಮ್ಮ ಮನಿಯವರ ಕಳಿಸ್ಯಾರ, ಏನರ ಇರಬೇಕು ಅಂತ ಒಂದು ತಿಂಗಳು ಇರ್ಫಾನನ ಗಾಡಿ ಕಡೆ ಹಾಯಲಿಲ್ಲ. ಅಂವ 'ಯಕ್ಕಾ, ಬರ್ರಿ' ಅಂತ ಕರೀತಿದ್ದ. ನಾ ಕೇಳಿಸಲಾರದಾಂಗ ಹೋಗ್ತಿದ್ದೆ.

ಇರ್ಫಾನ ಹಯಾತನ ಮಗ. ಬಸ್ ನಿಲ್ದಾಣದ ಎದುರು ಅವನ ಸರಬತ್ತಿನ ಗಾಡಿ. ಆ ಬೇಸಿಗೆ ಅವನು ಗಾಡಿ ದೂಡಿಕೊಂಡು ಸವಣೂರಿಗೆ ಹೋಗಿದ್ದ. 'ಯಾಕೋ ಹಯಾತ, ಹುಡುಗ ಕಾಣವಲ್ಲ?' ಎಂದು ಕರಿಬಸಪ್ಪನೇ ಕೇಳಿದ್ದ. 'ಅಲ್ಲಿ ಬಿಸಿಲು ಹೆಚ್ಚು ಐತಿ' ಎಂದಿದ್ದ ಹಯಾತ. ಅದು ಈಗ ನೆನಪಾಗಿ ಕರಿಬಸಪ್ಪ ಫೋನಿನ ಮೇಲೆ ಬಗ್ಗಿದ.

ಕರಿಬಸಪ್ಪ: ಹಯಾತ ನೋಡ್ಯಾನೇನು ಇದನ್ನ?

ಹೊನ್ನವ್ವ: ನಿಮ್ಮ ಗುಲಾಬಿ ಕೆಳಗ ಉತ್ತರ ಬರದಾನ. 'ಕರಿಬಸ್ಯಾ, ನಾಳಿ ತಾಲೀಮು ಐದಕ್ಕ. ಸರಬತ್ತು ನಂದು.'

ಕರಿಬಸಪ್ಪ: ಹೋಗಿದ್ನೇನ ನಾ?

ಹೊನ್ನವ್ವ: ಹೋಗಿದ್ರಿ. ಎರಡು ಗ್ಲಾಸು ಕುಡದು ಬಂದು, ಸಕ್ಕರಿ ಕಮ್ಮಿ ಅಂತ ಬೈದ್ರಿ.

ಕರಿಬಸಪ್ಪ ಮೂಗು ತೆಗೆದ. ಇಲಾಸ್ಟಿಕ್ಕಿನ ಗುರುತು ಎರಡು ಕೆನ್ನೆಯ ಮೇಲೂ ಕೆಂಪಗೆ ಮೂಡಿತ್ತು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಅವನು ಕಟ್ಟೆಯ ಮೇಲೆ ಕುಳಿತಿದ್ದ. ಹಯಾತ ಬೀಗದ ಕೈ ಹಿಡಿದುಕೊಂಡು ಬಂದ.

ಹಯಾತ: ಮೂಗು ಎಲ್ಲಿ?

ಕರಿಬಸಪ್ಪ: ಕಿಸೇದಾಗ ಐತಿ. ಲೇ, ನೀ ಎಂಥಾ ಗೆಳೆಯನೋ?

ಹಯಾತ: ಈಗ ನಾ ಏನ ಮಾಡಿದೆ?

ಕರಿಬಸಪ್ಪ: ಎರಡು ವರ್ಷ ಆತು, ಒಂದು ಮಾತು ಹೇಳಲಿಲ್ಲ! ಒಂದು ಬೈಗಳ ಬೈಯಲಿಲ್ಲ! ನನ್ನ ಕಪಾಳಕ್ಕ ಒಂದು ಕೊಡಬೇಕಿತ್ತು!

ಹಯಾತ: ಯಾವ ಬಾಬ್ತು ಮಾತಾಡಾಕತ್ತಿ?

ಕರಿಬಸಪ್ಪ: ಗೊತ್ತಿಲ್ಲದವರಾಂಗ ಮಾಡಬ್ಯಾಡ. ಆ ಸರಬತ್ತಿಂದು. ನಾ ಓದಿರಲಿಲ್ಲ ಹಯಾತ. ನಿನ್ನ ಆಣಿ, ನನ್ನ ಮೊಣಕಾಲಿನ ಆಣಿ.

ಹಯಾತ ಬೀಗ ತೆಗೆದು, ಬಾಗಿಲು ದೂಡಿ ಒಳಗೆ ಹೋದ. ಕರಿಬಸಪ್ಪ ಹಿಂದೆಯೇ ಬಂದ.

ಹಯಾತ: ಗೊತ್ತಿತ್ತು. ನೀ ಓದಿ ಕಳಸಾಂವ ಅಲ್ಲ. ನಮ್ಮ ಮನಿಯಾಕಿ ಕುಲಸುಮಬಿ ಎರಡು ದಿನ ಒಲಿ ಹಚ್ಚಲಿಲ್ಲ. 'ಕರಿಬಸಪ್ಪಣ್ಣ ಹಿಂಗ ಬರೀಬಹುದಾ' ಅಂದ್ಲು. 'ಬರದಿಲ್ಲ ತಾಯಿ, ಒತ್ತ್ಯಾನ' ಅಂದೆ. ಆಕೀಗೆ ತಿಳೀತು. ಇರ್ಫಾನಗ ತಿಳೀಲಿಲ್ಲ.

ಕರಿಬಸಪ್ಪ: ನನ್ನನ್ನ ಯಾಕ ಕೇಳಲಿಲ್ಲ?

ಹಯಾತ: ಏನಂತ ಕೇಳ್ಲಿ? ಬೈದು ಕಳಿಸಿದ್ರ ಜಗಳ ಆಡಬಹುದು. ನೀ ಗುಲಾಬಿ ಹೂವು ಇಟ್ಟು ಕಳಿಸಿದ್ದಿ. ಹಂಗಂತ ನೋವಾಗಿಲ್ಲ ಅಂತ ತಿಳಕೋಬ್ಯಾಡ. ಭಾಳ ಆಗಿತ್ತು. ಅದಕ್ಕ ಈ ನಾಟಕ ಹಿಡದೆ.

ಕರಿಬಸಪ್ಪ: ನನಗ ಬುದ್ಧಿ ಕಲಸಾಕ ಮೂರು ಅಂಕದ ನಾಟಕ ಬೇಕಾತೇನು?

ಹಯಾತ: ಒಂದು ಅಂಕದಾಗ ನಿನಗ ಹತ್ತಾಂಗಿಲ್ಲ ಅಂತ ಗೊತ್ತಿತ್ತು.

ಇಬ್ಬರಿಗೂ ನಗು ಬಂತು. ಕರಿಬಸಪ್ಪನಿಗೆ ನಗುವಿನ ಜೊತೆ ಇನ್ನೊಂದೂ ಬಂತು, ಅದನ್ನು ಅಂಗಿಯ ತೋಳಿಗೆ ಒರೆಸಿದ. ಕಿಸೆಯಿಂದ ಮೂಗು ತೆಗೆದು ಹೊಲಿಗೆ ಮಷಿನ್ನಿನ ಮೇಲೆ ಇಟ್ಟ. ಹಯಾತ ಅದನ್ನು ಒತ್ತಿ ನೋಡಿದ. ಸ್ಪಂಜು ಮೆತ್ತಗಿತ್ತು. ಹೊಲಿಯುವಾಗ ಬಾಯಲ್ಲಿ ಕಚ್ಚಿಕೊಳ್ಳುತ್ತಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ಅದಕ್ಕೆ ಚುಚ್ಚಿ ಇಟ್ಟುಕೊಂಡ.

ಹಯಾತ: ಮೂವತ್ತು ವರ್ಷದಿಂದ ಇಂಥಾದ್ದೊಂದು ಬೇಕಾಗಿತ್ತು.

ಅಂದು ಕರಿಬಸಪ್ಪ ಜೀವನದಲ್ಲಿ ಮೊದಲ ಸಲ ಗ್ರೂಪಿಗೆ ತಾನೇ ಬರೆದ. ಒಂದೇ ಬೆರಳು, ಒಂದೂವರೆ ತಾಸು. 'ಎರಡು ವರ್ಷದ ಹಿಂದ ನಾ ಕಳಿಸಿದ್ದು ಸುಳ್ಳು. ಓದದ ಕಳಿಸಿದ್ದೆ. ತಪ್ಪಾತು. ಇರ್ಫಾನನ ಸರಬತ್ತು ನಾ ಕುಡದೇನಿ, ಇನ್ನೂ ಬದಕೇನಿ. ಹತ್ತು ಮಂದಿಗೆ ಕಳಸ್ರಿ.' ನಲವತ್ತೆರಡು ಮಂದಿ ಓದಿದರು. ಒಬ್ಬರೂ ಮುಂದೆ ಕಳಿಸಲಿಲ್ಲ. ಖರೆ ಮಾತಿಗೆ ಹೆಬ್ಬೆರಳು ಅಷ್ಟು ಬೇಗ ಏಳುವುದಿಲ್ಲ. ಸಂಜೆ ಹಯಾತನಿಂದ ಮಾತ್ರ ಉತ್ತರ ಬಂತು. ಒಂದು ಗುಲಾಬಿ ಹೂವು, 'ಶುಭೋದಯ'.

ನಾಟಕದ ದಿನ. ರಾತ್ರಿ ಹತ್ತರ ಮೇಲೆ ಮೈಕಿಗೆ ಪರವಾನಗಿ ಇಲ್ಲವೆಂದು ಐದು ಗಂಟೆಗೇ ಪರದೆ ಎದ್ದಿತು. ಶಾಲೆಯ ಬಯಲು ತುಂಬಿತ್ತು. ಕರಿಬಸಪ್ಪ ಬಂದ ಕೂಡಲೇ ಅಭ್ಯಾಸಬಲದಿಂದ ಮಂದಿ 'ಬಂದ್ನೋ ಖಳ!' ಎಂದು ಸಿಳ್ಳೆ ಹೊಡೆದರು. ಅವನದೇ ಮೂಗು, ಅವನದೇ ಡೊಂಕು ಬೆನ್ನು, ಹಯಾತ ಹೊಲಿದ ಒಂದು ಕಪ್ಪು ಕೋಟು. ಗಾಜು ತಿಕ್ಕುತ್ತ ಕುಳಿತ. ಸಿಳ್ಳೆ ಹತ್ತು ನಿಮಿಷದಲ್ಲಿ ತಾನಾಗಿಯೇ ನಿಂತಿತು.

ಕಡೆಯ ಸೀನು. ಬಾವಿಕಟ್ಟೆ. ಯಾಕೋಬ ತಾನೇ ಒಂದು ಕೊಡ ನೀರು ಸೇದಿ, ಎಲ್ಲರೆದುರು ಗಟಗಟ ಕುಡಿಯಬೇಕು. ಕೊಡಕ್ಕೆ ನೀರು ತುಂಬುವ ಕೆಲಸವನ್ನು ಕರಿಬಸಪ್ಪ ಇರ್ಫಾನನಿಗೇ ಒಪ್ಪಿಸಿದ್ದ. ಕುಡಿದಾಗ ತಿಳಿಯಿತು, ಹುಡುಗ ನೀರು ತುಂಬಿರಲಿಲ್ಲ. ಸರಬತ್ತು ತುಂಬಿದ್ದ. ಸಕ್ಕರೆ ಸರಿಯಾಗಿತ್ತು. ಪುಸ್ತಕದಲ್ಲಿ ಇರದಿದ್ದರೂ ಕರಿಬಸಪ್ಪ ಕೊಡ ಎತ್ತಿ ಇನ್ನೊಮ್ಮೆ ಕುಡಿದ. ಅಭಿನಯ ಎಂದು ಮಂದಿ ತಿಳಿದರು.

ಕರಿಬಸಪ್ಪ (ಯಾಕೋಬನಾಗಿ): ಮಹಾಜನರೇ, ನಾ ಕುಡದೇನಿ. ನಿಂತೇನಿ. ನಲವತ್ತು ವರ್ಷ ನಿಮಗೆಲ್ಲಾ ಕಣ್ಣು ಕಾಣೂವಂಗ ಮಾಡಿದೆ. ನಿಮ್ಮೊಳಗ ಒಬ್ಬರಾರ ನನ್ನ ಜೋಡಿ ಒಂದು ಗುಟುಕು ಕುಡೀತೀರೇನು?

ಪೇಟಿ ಒಂದೇ ಸ್ವರ ಹಿಡಿದು ನಿಂತಿತ್ತು. ಮೃತ್ಯುಂಜಯ ಬೆಳ್ಳಿಯ ಕೋಲು ಕುಟ್ಟುತ್ತ, ಹಾರ ಬೀಳುವ ಗಳಿಗೆ ಬಂತೆಂದು ಎದೆ ಉಬ್ಬಿಸಿ ಮುಂದೆ ಬಂದ.

ಮೃತ್ಯುಂಜಯ (ಪಂಚನಾಗಿ): ಕುಡದು ನಾಟಕ ಮಾಡ್ತಿಯೇನಲೇ, ಜಾತಿಗೆಟ್ಟವನ! ಒದ್ದು ಹೊರಗ ಹಾಕ್ರಿ ಇವನ್ನ!

ಎಂದು ಕೊಡಕ್ಕೆ ಕಾಲಿನಿಂದ ಒದ್ದ. ಸರಬತ್ತು ರಂಗದ ಮೇಲೆ ಹರಿಯಿತು. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಯಾರೋ ಮುದುಕಿಯ ದನಿ ಎದ್ದಿತು.

— ನಾ ಕುಡೀತೇನೋ ಯಪ್ಪಾ, ನನಗ ಕೊಡು! ಏ ಪಂಚ, ಕಾಲು ಸೇದಿ ಹೋಗಲಿ ನಿಂದು!

ಆ ಮಾತಿನ ಬೆನ್ನಿಗೇ ಅದೇ ಕಡೆಯಿಂದ ಒಂದು ಚಪ್ಪಲಿ ಹಾರಿ ಬಂತು. ಕರಿಬಸಪ್ಪ ಕಣ್ಣರಳಿಸಿ ನೋಡಿದ. ಮೂವತ್ತೈದು ವರ್ಷ ಕಾದ ಚಪ್ಪಲಿ. ಎದೆ ಒಡ್ಡಿ ನಿಂತ. ಚಪ್ಪಲಿ ಅವನ ಕಿವಿಯ ಪಕ್ಕ ಹಾಯ್ದು, ನೆಟ್ಟಗೆ ಹೋಗಿ ಮೃತ್ಯುಂಜಯನ ಬಿಳಿ ಪಟಗಕ್ಕೆ ಬಡಿಯಿತು. ಪಟಗ ಬಿತ್ತು. ಬಯಲು ಬಿದ್ದುಹೋಗುವ ಹಾಗೆ ಚಪ್ಪಾಳೆ.

ಪರದೆ ಬಿದ್ದ ಮೇಲೆ ಹಿಂದುಗಡೆ ಮೂವರೂ ಒಂದೇ ಕಡೆ ಸಿಕ್ಕರು.

ಮೃತ್ಯುಂಜಯ: ಯಾವಾಕಿ ಒಗದಾಕಿ? ಮಾಸ್ತರ, ನಾ ನಾಯಕನೋ ಖಳನಾಯಕನೋ, ಈಗ ಹೇಳ್ರಿ!

ಹಯಾತ: ಮೊದಲ ಹೇಳಿದ್ರ ಶಾಮಿಯಾನ ಕೊಡ್ತಿರಲಿಲ್ರಿ ನೀವು.

ಕರಿಬಸಪ್ಪ: ಆ ಚಪ್ಪಲಿ ಇಲ್ಲಿ ತಾ ಮೃತ್ಯುಂಜಯ. ಅದು ನಂದು.

ಮೃತ್ಯುಂಜಯ: ಹ್ಯಾಂಗ ನಿಂದು? ನನಗ ಬಿದ್ದೈತಿ! ಮೊದಲನೇದ್ದು ಇದು, ನಾ ಅಂಗಡಿಯಾಗ ಕಟ್ಟು ಹಾಕಸ್ತೇನಿ!

ಚಪ್ಪಲಿಯನ್ನು ಪಟಗದಲ್ಲಿ ಸುತ್ತಿಕೊಂಡು ಅವನು ಹೋಗಿಯೇಬಿಟ್ಟ.

ಕರಿಬಸಪ್ಪ: ನೋಡಿದ್ಯಾ ಹಯಾತ ನನ್ನ ಹಣೇಬರಾ? ನನ್ನ ಊರಾಗ ಚಪ್ಪಲಿ ಬಿತ್ತು, ಅದೂ ಗೊಬ್ಬರದ ಅಂಗಡಿಗೆ! ನೀ ಪೇಟಿ ಯಾಕ ಮುಚ್ಚಲಿಲ್ಲ?

ಹಯಾತ: ಮುಚ್ಚಾಕ ಕೈ ಹೋಗಿತ್ತು. ಬಿದ್ದದ್ದು ಮುದುಕನ ಮ್ಯಾಲ ಅಲ್ಲ ಅಂತ ಕಂಡಿತು. ಅಲ್ಲೋ ಹುಚ್ಚಾ, ಇಷ್ಟು ದಿನ ಮಂದಿ ನಿನಗ ಒಗದ್ರು. ಇವತ್ತು ನಿನ್ನ ಸಲುವಾಗಿ ಒಗದಾರ. ಯಾವುದು ದೊಡ್ಡದು?

ಹಯಾತನ ಕಣ್ಣು ಒದ್ದೆಯಾಗಿತ್ತು. ಕರಿಬಸಪ್ಪ ಅವನ ಕೈ ಹಿಡಿದುಕೊಂಡ, ಬಹಳ ಹೊತ್ತು ಬಿಡಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಹೊನ್ನವ್ವ ಕುಂಟುತ್ತ ಬರುತ್ತಿದ್ದಳು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಕರಿಬಸಪ್ಪ ಅದನ್ನು ಈಗ ನೋಡಿದ.

ಕರಿಬಸಪ್ಪ: ಏ... ನೀನಾ?

ಹೊನ್ನವ್ವ: ಮತ್ತ? ಒಂದು ತಿಂಗಳು ಆ ಹುಡುಗನ ಕಣ್ಣು ತಪ್ಪಿಸಿ ಓಡಾಡಿದ್ದು ಹೊಟ್ಟ್ಯಾಗ ಕುದೀತಿತ್ತು. ಸರಬತ್ತು ಚೆಲ್ಲಿದ ಕೂ‍ಡಲೆ ಕೈ ನಿಲ್ಲಲಿಲ್ಲ.

ಕರಿಬಸಪ್ಪ: ಕೈ ನಿಲ್ಲಲಿಲ್ಲ ಅಂದ್ರ ನೆಟ್ಟಗ ಪಟಗಕ್ಕ ಹ್ಯಾಂಗ ಬಿತ್ತು? ಅಷ್ಟು ದೂರದಿಂದ!

ಹೊನ್ನವ್ವ: ರೂಢಿ ಐತಿ.

ಕರಿಬಸಪ್ಪ: ಏನ ರೂಢಿ? ಇರಲಿ ಬಿಡು, ಕಾಲಿಗೆ ಕಲ್ಲು ಚುಚ್ಚತಾವ. ನಾಳಿ ಹೊಸಾದು ತರೋಣು. ಅಲ್ಲೀತನಕ ಗೋಡಿ ಮ್ಯಾಲಿಂದು ಬೇಕಾದ್ರ ಹಾಕ್ಕೊ, ಕುಗ್ಗಿದ ಮ್ಯಾಲ ಅದು ನಿನ್ನ ಅಳತಿಗೇ ಬಂದೈತಿ.

ಹೊನ್ನವ್ವ: ಹಾಕ್ಕೊಂತೇನಿ. ಬಲಗಾಲಿಂದು ನನ್ನ ಟ್ರಂಕಿನ ತಳದಾಗ ಐತಿ.

ಕರಿಬಸಪ್ಪ ಹಾದಿಯ ನಡುವೆ ನಿಂತ.

ಕರಿಬಸಪ್ಪ: ಗೌಡನ ಬಲಗಾಲಿನ ಚಪ್ಪಲಿ ನಿನ್ನ ಟ್ರಂಕಿನಾಗ ಹ್ಯಾಂಗ ಬಂತು?

ಹೊನ್ನವ್ವ: ಯಾವ ಗೌಡರಿ? ಹಂಸಭಾವಿ ನನ್ನ ತವರುಮನಿ ಅನ್ನೂದನ್ನ ಮರತ್ರೇನು? ವಿಧವಿ ಮುದುಕಿ ಮನಿ ಬಿಡಿಸಿದ್ರಲ್ಲ, ಮೂರನೇ ಸಾಲಿನಾಗ ನಾ ಕುಂತಿದ್ದೆ. ಎರಡು ವರ್ಷದ ಮ್ಯಾಲ ನೀವ ಹೆಣ್ಣು ನೋಡಾಕ ಬಂದ್ರಿ. ಗುರುತು ಹಿಡದೆ. 'ವರ ಒಪ್ಪಿಗಿ ಏನವ್ವ' ಅಂತ ನಮ್ಮಪ್ಪ ಕೇಳಿದ.

ಕರಿಬಸಪ್ಪ: ನೀ ಏನಂದಿ?

ಹೊನ್ನವ್ವ: ಒಪ್ಪಿಗಿ ಅಂದೆ. ನನ್ನ ಒಂದು ಚಪ್ಪಲಿ ಮೊದಲ ನಿಮ್ಮ ಕಡೆ ಇತ್ತಲ್ಲರಿ, ಜೋಡಿ ಯಾಕ ಮುರೀಬೇಕು?